ಅಗ್ಗಕ್ಕೆ ಸಿಗುವ ದೊಡ್ಡ ಕಾರು: ಕೊಳ್ಳುವ ಮೊದಲು ನೋಡಬೇಕಾದದ್ದು

ನಮಗೆ ಕಾರಿನ ಲೈಸೆನ್ಸ್ ಸಿಗಲು 18 ತುಂಬಬೇಕು. ಆದರೆ ಮನೆಯಲ್ಲಿ ಹಳೆಯ ಕಾರು ಕೊಳ್ಳುವ ಮಾತು ಬಂದರೆ, "ಕಾಮರ್ಸ್ ಓದ್ತೀಯಲ್ಲ, ಪೇಪರ್ ನೋಡು" ಎಂದು ಅಬ್ಬಾ, ಮಾಮು ನಮ್ಮನ್ನೇ ಕರೆಯುತ್ತಾರೆ. ಆಗ ಏನು ನೋಡಬೇಕು?

ಮೊದಲು ಲೆಕ್ಕ. ಅಕೌಂಟೆನ್ಸಿಯಲ್ಲಿ ಸವಕಳಿ ಓದಿದ್ದೇವೆ. ವಿಮೆಯಲ್ಲೂ ಅದೇ ಇದೆ: 4 ವರ್ಷ ದಾಟಿದ ಕಾರಿನ ಮೌಲ್ಯದಲ್ಲಿ 50% ಕಳೆಯುತ್ತಾರೆ. 30 ಲಕ್ಷದ ಸೆಡಾನ್ 15 ಲಕ್ಷವಾಗುತ್ತದೆ, ಇನ್ನೂ ಹಳೆಯದಾದರೆ ಹೊಸ ಸಣ್ಣ ಕಾರಿನ ಬೆಲೆಗೇ ಸಿಗುತ್ತದೆ. ಆದರೆ ಬಿಡಿಭಾಗಗಳ ಬೆಲೆ ಹಾಗೆ ಇಳಿಯುವುದಿಲ್ಲ. ಕಾರು 6 ಲಕ್ಷಕ್ಕೆ ಸಿಕ್ಕಿದರೂ ಅದರ ಗೇರ್‌ಬಾಕ್ಸ್, ಹೆಡ್‌ಲೈಟ್ ಎಲ್ಲ 30 ಲಕ್ಷದ ಕಾರಿನವೇ. ಆದ್ದರಿಂದ ಕೈಯಲ್ಲಿ 7 ಲಕ್ಷ ಇದ್ದರೆ 7 ಲಕ್ಷದ ಕಾರು ನೋಡಬಾರದು. ಟೈರ್, ವಿಮೆ, ಮೊದಲ ವರ್ಷದ ರಿಪೇರಿಗೆ ಒಂದು ಲಕ್ಷವಾದರೂ ಎತ್ತಿಡಬೇಕು.

ಎರಡನೆಯದು, ಯಾವ ಕಾರು? ಹೆಸರಿಗಿಂತ ರಿಪೇರಿ ಮುಖ್ಯ. ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಟೊಯೊಟಾ ಕೊರೊಲ್ಲಾ ಆಲ್ಟಿಸ್ ಪೆಟ್ರೋಲ್ ಕಾರು ಸರಳ, ಬಾಳಿಕೆಗೆ ಹೆಸರಾದದ್ದು. ಏರ್ ಸಸ್ಪೆನ್ಷನ್, ಹೆಚ್ಚು ಎಲೆಕ್ಟ್ರಾನಿಕ್ಸ್ ಇರುವ ಜರ್ಮನ್ ಕಾರು ಓಡಿಸಲು ಸೊಗಸು, ಕೆಟ್ಟರೆ ದುಬಾರಿ. ಕಾರಿನ ಬೆಲೆ ಮಾತಾಡುವ ಮೊದಲೇ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಆ ಮಾಡೆಲ್‌ನ ಸಾಮಾನು ಸಿಗುತ್ತದೆಯೇ, ಎಷ್ಟಕ್ಕೆ ಎಂದು ಕೇಳಿ ಬನ್ನಿ.

ಮೂರನೆಯದು ನೀರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ದುಬಾರಿ ಕಾರುಗಳೂ ಮುಳುಗಿದ್ದವು. ಮುಳುಗಿದ ಕಾರನ್ನು ತೊಳೆದು ಪಾಲಿಶ್ ಮಾಡಿದರೆ ಹೊರಗೆ ಏನೂ ಕಾಣದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಕಾರ್ಪೆಟ್ ಎತ್ತಿ ಮುಗ್ಗಲು ವಾಸನೆ, ಸೀಟಿನ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು ಹುಡುಕಿ. ವಿಮೆ ಕ್ಲೇಮ್ ಮತ್ತು ಸರ್ವಿಸ್ ದಾಖಲೆ ಕೇಳಿ. ಕೊಡಲು ಹಿಂಜರಿದರೆ ಆ ಕಾರು ಬೇಡ.

ಕೊನೆಯದು ಕಾಗದ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಕೆಎ-03 ಇಂದಿರಾನಗರದ, ಕೆಎ-53 ಕೆ.ಆರ್. ಪುರದ ಆರ್‌ಟಿಒ ನಂಬರ್. ಬಾಕಿ ಟ್ರಾಫಿಕ್ ದಂಡವನ್ನೂ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ದೆಹಲಿ ನಂಬರಿನ ಕಾರು ಅಗ್ಗ ಎನಿಸಿದರೆ, ಇಲ್ಲಿ ಕಟ್ಟಬೇಕಾದ ಜೀವಾವಧಿ ತೆರಿಗೆಯನ್ನೂ ಕೂಡಿಸಿ ಲೆಕ್ಕ ಹಾಕಿ.

ಮನೆಯ ಹಳೆಯ ಕಾರು ಮಾರುವಾಗಲೂ ಹೆಸರು ಬದಲಾಗುವವರೆಗೆ ಬಿಡಬೇಡಿ. ಕಾರು ಯಾರ ಕೈಯಲ್ಲಿದ್ದರೂ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

"ಇನ್ನೊಬ್ಬರು ಕಾಯ್ತಿದ್ದಾರೆ, ಇವತ್ತೇ ಅಡ್ವಾನ್ಸ್ ಕೊಡಿ" ಎಂದರೆ ಅವರಿಗೇ ಬಿಟ್ಟುಕೊಡಿ. ನಮ್ಮ ಮೆಕ್ಯಾನಿಕ್ ನೋಡಿದ ಮೇಲೆಯೇ ಅಡ್ವಾನ್ಸ್.