ಕಾವ್ಯದ ಕವಚ, ಕಾಳಗದ ಕವಚ

ಭಾರತದ ಕಥೆ ಹೇಳುವಾಗ ನಮ್ಮ ಔರಾದ ಶಹಾಜನಿಯ ಕಡೆಯ ವರ್ಗಗಳಲ್ಲಿ ಒಬ್ಬ ಹುಡುಗನಾದರೂ ಕೇಳಿಯೇ ಕೇಳುತ್ತಾನೆ: “ಗುರುಗಳ, ಕವಚ ಕೊಡದಿದ್ದರ ಕರ್ಣ ಸಾಯ್ತಿದ್ದಿಲ್ಲೇನ್ರಿ?” ಹೌದೆಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ಅದೇ ಹುಡುಗನು ಉದಗೀರದ ಕೋಟೆಯನ್ನು ನೋಡಿ ಬಂದು, “ಕವಚ ತೊಟ್ಟ ಸರದಾರರೂ ಯಾಕ ಸತ್ತರು?” ಎಂದು ಕೇಳಿದರೆ ನಾವು ತಡವರಿಸುತ್ತೇವೆ. ಆದುದರಿಂದ ಎರಡೂ ಪ್ರಶ್ನೆಗಳನ್ನು ಕೂಡಿಸಿ ವಿಚಾರಿಸುವುದು ಯೋಗ್ಯ.

ಮೊದಲು ಕಾಳಗದ ಕವಚವನ್ನು ನೋಡೋಣ. ನಡುಗನ್ನಡದ ಕವಿಗಳು ಇದನ್ನು ಜೋಡು ಎಂದರು. ಮರಾಠಿಯಲ್ಲಿ ಇದು ಚಿಲಖತ. ದಖ್ಖನಿನಲ್ಲಿ ಬಹಳವಾಗಿ ಬಳಕೆಯಲ್ಲಿದ್ದುದು ಕಬ್ಬಿಣದ ಸಣ್ಣ ಬಳೆಗಳನ್ನು ಒಂದರೊಳಗೊಂದು ಹೆಣೆದ ಅಂಗಿ. ಅದರ ತೂಕ ಸಾಮಾನ್ಯವಾಗಿ 10ರಿಂದ 15 ಕಿಲೋ. ಕತ್ತಿಯ ಅಲಗು ಅದರ ಮೇಲೆ ಜಾರುತ್ತದೆ. ಆದರೆ ಚೂಪಾದ ಮೊನೆ ರಭಸದಿಂದ ನಾಟಿದರೆ ಬಳೆ ಬಿಚ್ಚಿಕೊಳ್ಳುತ್ತದೆ. ಕೆಲವು ಕಟಾರಿಗಳ ತುದಿಯನ್ನು ದಪ್ಪಗೆ ಮಾಡುತ್ತಿದ್ದುದು ಇದಕ್ಕಾಗಿಯೇ. ಗದೆಯ ಪೆಟ್ಟಿಗೆ ಬಳೆ ಉಳಿದರೂ ಒಳಗಿನ ಎಲುಬು ಉಳಿಯದು. ಅದಕ್ಕೆಂದೇ ಒಳಗೆ ಅರಳೆ ತುಂಬಿದ ದಪ್ಪ ಅಂಗಿ ಬೇಕಾಗುತ್ತಿತ್ತು. ನಮ್ಮ ಬಿಸಿಲಿನಲ್ಲಿ ಅದನ್ನು ತೊಟ್ಟವನ ದಣಿವು ಬೇರೆ.

ಇಷ್ಟಾದರೂ ಕವಚ ನಿರರ್ಥಕವಲ್ಲ. 1659ರ ನವೆಂಬರದಲ್ಲಿ ಪ್ರತಾಪಗಡದ ಬುಡದಲ್ಲಿ ಅಫಝಲಖಾನನು ಶಿವಾಜಿಯನ್ನು ಇರಿದಾಗ, ಬಟ್ಟೆಯೊಳಗಿನ ಚಿಲಖತವೇ ಆತನನ್ನು ಕಾಯಿತೆಂದು ಮರಾಠೀ ಬಖರುಗಳು ಹೇಳುತ್ತವೆ. ಆದರೆ 1760ರ ಫೆಬ್ರುವರಿಯಲ್ಲಿ ನಮ್ಮ ನೆರೆಯ ಉದಗೀರದಲ್ಲಿ ಸದಾಶಿವರಾವ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದಾಗ ಇಬ್ರಾಹಿಂಖಾನ ಗಾರದಿಯ ತೋಫುಗಳಿದ್ದವು. ತೋಫಿನ ಗುಂಡಿಗೆ ಬಳೆಯ ಅಂಗಿ ಏನು ಮಾಡೀತು?

ಇನ್ನು ಕಾವ್ಯದ ಕವಚ. ಬಯಲಾಟದಲ್ಲಿ ಬೇಗಡೆಯ ಕವಚ ತೊಟ್ಟವನು ಕತ್ತಿ ಸೋಂಕಿದೊಡನೆ ಉರುಳುತ್ತಾನೆ. ಪುರಾಣದ ವಜ್ರಕವಚವನ್ನೋ ಯಾವ ಬಾಣವೂ ಭೇದಿಸದು. ಒಂದರಲ್ಲಿ ಕವಚಕ್ಕೆ ಬಲವೇ ಇಲ್ಲ, ಇನ್ನೊಂದರಲ್ಲಿ ಮಿತಿಯೇ ಇಲ್ಲ. ಆದರೆ ವ್ಯಾಸರು ನಿಜವನ್ನು ಮರೆತವರಲ್ಲ. ದ್ರೋಣಪರ್ವದಲ್ಲಿ ದ್ರೋಣನು ಮಂತ್ರಿಸಿ ಕಟ್ಟಿದ ಕವಚವು ದುರ್ಯೋಧನನ ಮೈಮೇಲಿರುವಾಗ ಅರ್ಜುನನ ಬಾಣಗಳು ವ್ಯರ್ಥವಾಗುತ್ತವೆ. ಆಗ ಅರ್ಜುನನು ಕವಚ ಮುಚ್ಚದ ಕೈಗಳಿಗೇ ಗುರಿಯಿಡುತ್ತಾನೆ. ಕವಚದ ಸಂದು ಹುಡುಕುವ ಈ ಯುಕ್ತಿ ಎಲ್ಲ ಕಾಲದ ಕಾಳಗದ್ದೂ ಹೌದು.

ಹಾಗಾದರೆ ಕರ್ಣನ ಕವಚ ಏಕೆ ಅಭೇದ್ಯ? ಬಳೆ ಒಡೆಯುವ, ಸಂದು ಬಿಡುವ ಜೋಡೊಂದನ್ನು ಇಂದ್ರನಿಗೆ ಕೊಟ್ಟಿದ್ದರೆ ಅದು ಕಬ್ಬಿಣದ ದಾನವಾಗುತ್ತಿತ್ತು. ಹುಟ್ಟಿನಿಂದ ಬಂದ, ಮರಣವನ್ನೇ ತಡೆಯುವ ಕವಚವಾದ್ದರಿಂದ ಅದು ಪ್ರಾಣದ ದಾನವಾಯಿತು. ಕಾವ್ಯದಲ್ಲಿ ಕವಚದ ಬಲವು ಕೊಟ್ಟವನ ಮನಸ್ಸಿನ ಅಳತೆ.

ಆದುದರಿಂದ ಹುಡುಗನಿಗೆ ಎರಡನ್ನೂ ಹೇಳೋಣ: ಕವಚವು ಕೆಲವು ಪೆಟ್ಟುಗಳನ್ನು ತಡೆಯುತ್ತದೆ, ಸಾವನ್ನಲ್ಲ, ಸಾವನ್ನೇ ತಡೆಯುವ ಕವಚವಿದ್ದವನು ಅದನ್ನು ಬೇಡಿದವನಿಗೆ ಕೊಟ್ಟನು. ಮೊದಲನೆಯದನ್ನು ಇತಿಹಾಸದ ತಾಸಿನಲ್ಲಿ, ಎರಡನೆಯದನ್ನು ಕನ್ನಡದ ತಾಸಿನಲ್ಲಿ ಹೇಳಿದರೆ ಸಾಕು. ಒಂದರ ಸಲುವಾಗಿ ಇನ್ನೊಂದನ್ನು ಸುಳ್ಳೆನ್ನುವ ಕಾರಣವಿಲ್ಲ.