ಕಬ್ಬಿನ ಕಣ್ಣು

ಸಂಕ್ರಾಂತಿಯ ದಿನ ಎಳ್ಳು-ಬೆಲ್ಲದ ತಟ್ಟೆಯಲ್ಲಿಡುವ ಕಬ್ಬಿನ ತುಂಡನ್ನು ಸಿಪ್ಪೆ ಸುಲಿಯುವ ಮೊದಲು ಒಮ್ಮೆ ತಿರುಗಿಸಿ ನೋಡಬೇಕು. ಗೆಣ್ಣುಗೆಣ್ಣಿನಲ್ಲಿಯೂ ಒಂದು ಪುಟ್ಟ ಮೊಗ್ಗು. ಅಲ್ಲಿಯೇ ಗೆಣ್ಣನ್ನು ಬಳಸಿ ಉಂಗುರದಂತೆ ಸಣ್ಣ ಚುಕ್ಕೆಗಳ ಸಾಲು. ಮೊಗ್ಗನ್ನು ರೈತರು ಕಣ್ಣೆನ್ನುತ್ತಾರೆ. ಕಣ್ಣಿನಿಂದ ಗಿಡ, ಚುಕ್ಕೆಗಳಿಂದ ಬೇರು. ಕಬ್ಬು ಹೂಬಿಟ್ಟು ಬೀಜವಾಗುವುದುಂಟು. ಆದರೆ ಆ ಬೀಜ ಬೇಕಾದುದು ತಳಿವಿಜ್ಞಾನಿಗಳಿಗೆ. 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪಿತವಾದ ಸಂಶೋಧನಾ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಅವರು ರಸಭರಿತವಾದ ಕಬ್ಬನ್ನು ಕಾಡುಕಬ್ಬಿನೊಡನೆ ಸಂಕರಗೊಳಿಸಿ ಹೊಸ ತಳಿಗಳನ್ನು ಪಡೆದರು. ತಳಿಯ ಹೆಸರಿನ ಮೊದಲಿಗೆ ಕಾಣುವ 'ಕೋ' ಎಂಬುದು ಆ ಊರಿನ ಗುರುತು.

ರೈತನಾದರೋ ಕಣ್ಣನ್ನೇ ನೆಡುತ್ತಾನೆ. ಬಾಯಿಗೆ ರುಚಿಯಾದ ಬಲಿತ ಕಬ್ಬು ಬಿತ್ತನೆಗೆ ಅಷ್ಟಾಗಿ ಒದಗದು. ಬುಡದ ಕಣ್ಣುಗಳು ಗಡುಸಾಗಿ ತಡವಾಗಿ ಮೊಳೆಯುತ್ತವೆ. ಆರರಿಂದ ಎಂಟು ತಿಂಗಳ ಎಳೆಯ, ರೋಗವಿಲ್ಲದ ಬೆಳೆಯೇ ಬೀಜಕ್ಕೆ ಉತ್ತಮ. ಕೆಂಪು ಕೊಳೆ ರೋಗವಿರುವ ಒಂದು ಜಲ್ಲೆ ಬಿತ್ತನೆಯೊಡನೆ ಸೇರಿದರೆ ಅದರ ಫಲ ಇಡೀ ಗದ್ದೆಗೆ ಹರಡೀತು.

ಕೃಷ್ಣರಾಜಸಾಗರದ ನೀರು ಮಂಡ್ಯದ ಹೊಲಗಳಿಗೆ ಹರಿದು, 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿಕೊಂಡ ಮೇಲೆ ಈ ಬೆಳೆ ಆ ಸೀಮೆಯ ಬಾಳಿನೊಡನೆ ಬೆರೆತುಹೋಯಿತು. ಅಲ್ಲಿನ ವಾಡಿಕೆಯ ಕ್ರಮ ಸರಳವಾದುದು: ಮೂರಡಿ ಅಂತರದಲ್ಲಿ ಸಾಲು ತೆಗೆದು, ಮೂರು ಕಣ್ಣಿನ ತುಂಡುಗಳನ್ನು ಉದ್ದಕ್ಕೆ ಮಲಗಿಸಿ, ತೆಳುವಾಗಿ ಮಣ್ಣೆಳೆದು ನೀರು ಹಾಯಿಸುವುದು. ಎಕರೆಗೆ ಹನ್ನೆರಡು ಸಾವಿರ ತುಂಡೆಂದರೆ 36,000 ಕಣ್ಣು! ಆಲೆಮನೆಗೋ ಕಾರ್ಖಾನೆಗೋ ಹೋಗಬೇಕಾದ ಎರಡೂವರೆ, ಮೂರು ಟನ್ ಕಬ್ಬು ಹೀಗೆ ಮಣ್ಣಿನೊಳಗೆ ಹೋಗುತ್ತದೆ. ಎಲ್ಲ ಕಣ್ಣುಗಳೂ ಮೊಳೆಯುವುದಿಲ್ಲ. ಮೊಳೆತವೆಲ್ಲ ಜಲ್ಲೆಯಾಗುವುದೂ ಇಲ್ಲ.

ಈ ವ್ಯಯವನ್ನು ತಪ್ಪಿಸುವ ಉಪಾಯವೇ ಒಂಟಿಕಣ್ಣಿನ ಸಸಿ. ಕಣ್ಣಿರುವ ಚಿಕ್ಕ ಹೋಳನ್ನು ಮಾತ್ರ ಕತ್ತರಿಸಿ, ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಯ ಗುಳಿಗಳಲ್ಲಿಟ್ಟು, ಸುಮಾರು ಒಂದು ತಿಂಗಳು ನೆರಳಿನಲ್ಲಿ ಸಾಕುತ್ತಾರೆ. ಬಳಿಕ ನಾಲ್ಕಡಿ ಸಾಲಿನಲ್ಲಿ ಎರಡಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 5,400 ಸಸಿ ಸಾಕು. ಇಷ್ಟು ವಿರಳವಾದ ಗದ್ದೆಯನ್ನು ಕಂಡ ಹಿರಿಯರು ಮೊದಮೊದಲು ತಲೆಯಾಡಿಸುವುದು ಸಹಜ. ಆದರೆ ಬೆಳಕು ಬುಡಕ್ಕೆ ಬಿದ್ದಾಗ ಒಂದೊಂದು ಸಸಿಯೂ ಹತ್ತಾರು ತೆಂಡೆಯೊಡೆದು ಸಾಲನ್ನು ತುಂಬುತ್ತದೆ. ನಾಲ್ಕು ತಿಂಗಳಾಗುವ ಹೊತ್ತಿಗೆ ಬುಡಕ್ಕೆ ಮಣ್ಣೇರಿಸುತ್ತಾರೆ. ತಡವಾಗಿ ಹುಟ್ಟುವ ನಿರರ್ಥಕ ತೆಂಡೆಗಳು ಅಡಗಿ, ಜಲ್ಲೆ ಗಾಳಿಗೆ ಮಲಗದೆ ನಿಲ್ಲುತ್ತದೆ.

ಸಾಲಿನ ಅಂತರ ಹೆಚ್ಚಿದಲ್ಲಿ ಹನಿ ನೀರಾವರಿಯ ಕೊಳವೆಯೂ ಸುಲಭವಾಗಿ ಹಾಯುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಕೃಷ್ಣರಾಜಸಾಗರ ತುಂಬದೆ ಹೋದಾಗ ವರ್ಷವಿಡೀ ನೀರು ಬೇಡುವ ಈ ಬೆಳೆಯ ಕಷ್ಟ ಮಂಡ್ಯಕ್ಕೆ ಮತ್ತೊಮ್ಮೆ ತಿಳಿಯಿತು. ಒಣಗಿದ ರವದಿಗೆ ಬೆಂಕಿಯಿಡುವ ಬದಲು ಸಾಲುಗಳ ನಡುವೆ ಹರಡುವುದು ಖರ್ಚಿಲ್ಲದ ಉಪಾಯ. ತೇವ ಆರುವುದಿಲ್ಲ, ಕಳೆಯೂ ಕಡಿಮೆ.

ಕಟಾವಿನಲ್ಲಿ ಜಲ್ಲೆಯನ್ನು ನೆಲಕ್ಕೆ ಸಮನಾಗಿ ಕಡಿಯಬೇಕು. ಸಕ್ಕರೆಯ ಅಂಶ ಬುಡದಲ್ಲಿಯೇ ಹೆಚ್ಚು. ಅಲ್ಲದೆ, ನೆಲದೊಳಗೆ ಉಳಿದ ಕಣ್ಣುಗಳಿಂದಲೇ ಮುಂದಿನ ಕೂಳೆ ಬೆಳೆ ಆಳವಾಗಿ ಬೇರೂರಿ ಚಿಗುರುತ್ತದೆ. ಆ ವರ್ಷ ಬಿತ್ತನೆಯ ಖರ್ಚಿಲ್ಲ.