ಗಂಟಲು ಸವೆದ ಬ್ಯಾರೆಲ್: ಲೇತಿಗೋ, ಗುಜರಿಗೋ?

ರೈಫಲ್ಲಿನ ಬ್ಯಾರೆಲ್ ಮೊದಲು ಸವೆಯುವುದು ಗುಂಡು ಹೊರಬೀಳುವ ಬಾಯಲ್ಲಿ ಅಲ್ಲ, ಗಂಟಲಲ್ಲಿ. ತೋಟಾ ಕೂರುವ ಗೂಡು ಚೇಂಬರ್. ಅದರ ಮುಂದೆ, ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಗುಂಡು ಮೊದಲು ಕಚ್ಚಿಕೊಳ್ಳುವ ಜಾಗವೇ ಗಂಟಲು. ಮದ್ದು ಉರಿದಾಗ ಎರಡೂವರೆ ಸಾವಿರ ಡಿಗ್ರಿ ದಾಟಿದ ಅನಿಲ, ಚದರ ಇಂಚಿಗೆ 60,000 ಪೌಂಡಿನ ಆಸುಪಾಸಿನ ಒತ್ತಡದಲ್ಲಿ ಅಲ್ಲಿಂದಲೇ ನುಗ್ಗಬೇಕು. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲು, ಅಥವಾ ಅದಕ್ಕಿಂತ ತುಸು ಹೆಚ್ಚು. .308 ವಿಂಚೆಸ್ಟರ್ ತೋಟಾದ ಗುರಿಪಂದ್ಯದ ಬ್ಯಾರೆಲ್ 5,000 ಸುತ್ತು ತಾಳಿದರೆ ಒಳ್ಳೆಯ ಆಯುಸ್ಸು. ಕೂಡಿ ನೋಡಿದರೆ ಅದರ ಜೀವಮಾನದ ದುಡಿಮೆ ಆರೇಳು ಸೆಕೆಂಡು!

ಆ ಸೆಕೆಂಡುಗಳು ಮುಗಿಯುತ್ತ ಬಂದಾಗ ಏನು ಮಾಡಬೇಕೆಂದು ಹೇಳುವುದು ಅಮೆರಿಕದ ಗನ್‌ಸ್ಮಿತ್‌ಗಳ ಕಸುಬಿನ ದೊಡ್ಡ ಭಾಗ. ಒಹಾಯೊದ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಗುರಿಪಂದ್ಯಗಳು ನಡೆದುಬಂದಿವೆ. ಅಂಥ ಕಣಕ್ಕೆ ಇಳಿಯುವವರು ಎಷ್ಟು ಸುತ್ತು ಹಾರಿಸಿದೆವೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. 600 ಗಜದ ಗುರಿಯಲ್ಲಿ ಗುಂಡುಗಳು ಕಾರಣವಿಲ್ಲದೆ ಚದುರತೊಡಗಿದರೆ ಅನುಮಾನ ಹುಟ್ಟುತ್ತದೆ. ತಮಾಷೆಯೆಂದರೆ, ಅದೇ ಬ್ಯಾರೆಲ್ 200 ಗಜದಲ್ಲಿ ಇನ್ನೂ ಸೊಗಸಾಗಿ ಹೊಡೆಯುತ್ತಿರಬಹುದು.

ಈ ಚಿಂತೆ ಹೊಸದಲ್ಲ. 18ನೆಯ ಶತಮಾನದ ಪೆನ್ಸಿಲ್ವೇನಿಯಾ, ವರ್ಜೀನಿಯಾಗಳಲ್ಲಿ ಉದ್ದ ರೈಫಲ್‌ಗಳ ನಳಿಗೆಯನ್ನು ಮೆದು ಕಬ್ಬಿಣದಲ್ಲಿ ಬಡಿದು ಮಾಡುತ್ತಿದ್ದರು. ಸವೆದರೆ ಒಡೆಯ ಅದನ್ನು ಕಮ್ಮಾರನ ಬಳಿ ತರುತ್ತಿದ್ದ. ಕಮ್ಮಾರ ಒಳಗೀರುಗಳನ್ನು ಮತ್ತೆ ಆಳಕ್ಕೆ ಕೊರೆದು, ತೂತನ್ನು ಒಂದಿಷ್ಟು ಅಗಲ ಮಾಡಿ, ಹೊಸ ಅಳತೆಗೆ ತಕ್ಕ ಗುಂಡಿನ ಅಚ್ಚೊಂದನ್ನೂ ಕೊಟ್ಟು ಕಳಿಸುತ್ತಿದ್ದ. ಗುಂಡನ್ನು ಮನೆಯಲ್ಲೇ ಸೀಸ ಕರಗಿಸಿ ಎರೆದುಕೊಳ್ಳುತ್ತಿದ್ದ ಕಾಲ, ಅಳತೆ ಬದಲಾದರೆ ಯಾರಿಗೂ ತೊಂದರೆಯಿರಲಿಲ್ಲ. ಗುಂಡು ಕಾರ್ಖಾನೆಯಿಂದ ಬರಲು ಶುರುವಾದ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚಿತು.

ಹೊಗೆಯಿಲ್ಲದ ಮದ್ದು ಬಂದದ್ದಂತೂ ಆಟವನ್ನೇ ಬದಲಿಸಿತು. ಬ್ರಿಟಿಷ್ ಸೈನ್ಯದ ಲೀ-ಮೆಟ್‌ಫೋರ್ಡ್ ರೈಫಲ್ಲಿನ ಗೀರುಗಳು ಆಳವಿಲ್ಲದ, ಅಂಚು ದುಂಡಗಿನ ಗೀರುಗಳು. ಕಪ್ಪು ಮದ್ದಿನ ಮಸಿ ಕಟ್ಟಿಕೊಳ್ಳದಿರಲೆಂದು ಹಾಗೆ ಮಾಡಿದ್ದು. ಶೇ 58ರಷ್ಟು ನೈಟ್ರೋಗ್ಲಿಸರಿನ್ ಇದ್ದ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂತು ನೋಡಿ, ಆ ನಾಜೂಕಿನ ಗೀರುಗಳು ಬೇಗ ಬೇಗ ಸವೆದುಹೋದವು. 1895ರಲ್ಲಿ ಚೌಕು ಅಂಚಿನ ಐದು ಗೀರಿನ ಎನ್‌ಫೀಲ್ಡ್ ನಳಿಗೆ ಹಾಕಿದರು, ರೈಫಲ್ಲಿನ ಹೆಸರು ಲೀ-ಎನ್‌ಫೀಲ್ಡ್ ಆಯಿತು. ಮುಂದೆ ಮದ್ದಿನಲ್ಲಿ ನೈಟ್ರೋಗ್ಲಿಸರಿನ್ ಪಾಲನ್ನೇ ಶೇ 30ಕ್ಕೆ ಇಳಿಸಿದರು. ಸವೆತಕ್ಕೆ ಗುಂಡಿನ ಉಜ್ಜಾಟಕ್ಕಿಂತ ಮದ್ದಿನ ಬೆಂಕಿಯೇ ದೊಡ್ಡ ಕಾರಣವೆಂಬುದು ಆಗಲೇ ಗೊತ್ತಾಗಿತ್ತು. ಕಿರಿದಾದ ತೂತಿನಲ್ಲಿ ಹೆಚ್ಚು ಮದ್ದು ಸುಟ್ಟಷ್ಟೂ ಆಯುಸ್ಸು ಕಡಿಮೆ. 6.5-284 ಎಂಬ ತೋಟಾ ಸಾವಿರ ಗಜದ ಪಂದ್ಯದಲ್ಲಿ ಹೆಸರು ಮಾಡಿತು, ಆದರೆ ಸಾವಿರ ಸುತ್ತಿನ ಸುಮಾರಿಗೇ ಬ್ಯಾರೆಲ್ ತಿಂದುಹಾಕುತ್ತದೆ.

ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತಕ್ಕೆ ಪೂಜೆಗೊಳ್ಳುವ ಜೋಡಿನಳಿಗೆ ತೋಟಾಕೋವಿಗೆ ಈ ಜಂಜಾಟವಿಲ್ಲ. ಅದರ ಒಳಮೈ ನುಣುಪು, ಅಲ್ಲಿ ಗೀರೇ ಇಲ್ಲ. .22 ರೈಫಲ್‌ಗೆ ಗೀರುಂಟು, ಆದರೆ ಅದರ ಗುಂಡು ಸೀಸದ್ದು, ಮದ್ದು ಚಿಟಿಕೆಯಷ್ಟು. ಹತ್ತಾರು ಸಾವಿರ ಸುತ್ತು ಹಾರಿಸಿದರೂ ಗಂಟಲು ಗಟ್ಟಿ.

ಅನುಮಾನ ಹುಟ್ಟಿಸಿದ ರೈಫಲ್ ಕೈಗೆ ಬಂದಾಗ ಗನ್‌ಸ್ಮಿತ್ ಮೊದಲು ಮಾಡುವುದು ಬೋರ್‌ಸ್ಕೋಪನ್ನು ನಳಿಗೆಗೆ ಇಳಿಸಿ ನೋಡುವುದು. ಸುಟ್ಟ ಗಂಟಲು ಬೇಸಿಗೆಯ ಕೆರೆಯಂಗಳದಂತೆ ಬಿರಿದಿರುತ್ತದೆ. ಬಿರುಕು ಕಂಡಾಕ್ಷಣ ಬ್ಯಾರೆಲ್ ಸತ್ತಿತೆಂದು ತೀರ್ಮಾನಿಸುವುದು ಆತುರ, ಬಿರುಕು ಬಿಟ್ಟೂ ಚೆನ್ನಾಗಿ ಹೊಡೆಯುವ ನಳಿಗೆಗಳು ಬೇಕಾದಷ್ಟಿವೆ. ನೋಡಬೇಕಾದದ್ದು ಗೀರುಗಳು ಶುರುವಾಗುವ ಜಾಗ ಎಷ್ಟು ಮುಂದೆ ಸರಿದಿದೆ, ಬಿರುಕು ಎಲ್ಲಿಯವರೆಗೆ ಹಬ್ಬಿದೆ ಎಂಬುದು.

ಉಳಿಸುವ ದಾರಿ ಇಷ್ಟು. ನಳಿಗೆಯನ್ನು ಬಿಚ್ಚಿ ಲೇತ್‌ಗೆ ಕಟ್ಟಿ, ಹಿಂಬದಿಯಿಂದ ಒಂದಿಂಚಿನಷ್ಟು ಕತ್ತರಿಸಿ, ತಿರುಪಿನ ಮರೆ ಹೊಸದಾಗಿ ಹಾಕಿ, ರೀಮರ್‌ನಿಂದ ಮತ್ತೆ ಚೇಂಬರ್ ಕೊರೆಯುವುದು. ತೋಟಾ ಕೂತಾಗ ಸಡಿಲವಾಗಲಿ ಬಿಗಿಯಾಗಲಿ ಇರದಂತೆ ಗೇಜುಗಳಿಂದ ಅಳೆದು ನೋಡುವುದು. ಇನ್ನೊಂದು ಉಪಾಯ, ಅದೇ ವ್ಯಾಸದ ಗುಂಡಿರುವ ಉದ್ದನೆಯ ತೋಟಾಕ್ಕೆ ಚೇಂಬರ್ ಹಿಗ್ಗಿಸುವುದು. .308ರ ಕವಚದ ಉದ್ದ 51 ಮಿ.ಮೀ., .30-06ರದು 63. ಆ ಹನ್ನೆರಡು ಮಿಲಿಮೀಟರ್ ಹಳೆಯ ಗಂಟಲನ್ನು ನುಂಗಿಬಿಡುತ್ತದೆ. ಆದರೆ ಗಿಡ್ಡ ತೋಟಾಕ್ಕೆಂದು ಮಾಡಿದ ಬೋಲ್ಟು, ಮ್ಯಾಗಜೀನುಗಳಲ್ಲಿ ಉದ್ದದ್ದು ಹಿಡಿಸುವುದಿಲ್ಲ. ಕಾಗದದ ಮೇಲೆ ಚೆಂದ ಕಾಣುವ ಈ ಉಪಾಯ ಬಹಳ ಸಲ ಮುಗ್ಗರಿಸುವುದು ಇಲ್ಲೇ.

ಎಷ್ಟೋ ನಳಿಗೆಗಳಿಗೆ ಈ ದಾರಿಯೇ ಇಲ್ಲ. ಅನಿಲದಿಂದ ತಾನೇ ತುಂಬಿಕೊಳ್ಳುವ ಎಆರ್-15 ಮಾದರಿಯಲ್ಲಿ ನಳಿಗೆಗೆ ಒಂದು ಅನಿಲದ ರಂಧ್ರವಿರುತ್ತದೆ. ಹಿಂದೆ ಕತ್ತರಿಸಿದರೆ ಅದೂ ಹಿಂದಕ್ಕೆ ಸರಿದು ಯಂತ್ರದ ಲಯ ಕೆಡುತ್ತದೆ. ಒಳಗೆ ಕ್ರೋಮ್ ಲೇಪಿಸಿದ ಸೈನ್ಯದ ನಳಿಗೆಗೆ ರೀಮರ್ ಹಾಕಿದರೆ ಲೇಪವೇ ಕಿತ್ತುಬರುತ್ತದೆ. ತುದಿಗೆ ಹೋದಂತೆ ಸಣ್ಣಗಾಗುವ ಬೇಟೆ ರೈಫಲ್ಲಿನ ಬ್ಯಾರೆಲ್ ಹಿಂದೆ ಸರಿದರೆ ಮರದ ಸ್ಟಾಕ್‌ನಲ್ಲಿ ಸಂದು ಬಾಯ್ಬಿಡುತ್ತದೆ.

ಇನ್ನು ದುಡ್ಡಿನ ಮಾತು. ಒಳ್ಳೆಯ ಹೊಸ ನಳಿಗೆಯ ಕಚ್ಚಾ ದಂಡಕ್ಕೆ ಅಮೆರಿಕದಲ್ಲಿ 300ರಿಂದ 400 ಡಾಲರ್ ಬೆಲೆ. ಹಳೆಯದನ್ನು ಕತ್ತರಿಸಿ ಕೂರಿಸುವ ಕೂಲಿ, ಹೊಸದನ್ನು ಕೂರಿಸುವ ಕೂಲಿಗಿಂತ ಅಷ್ಟೇನೂ ಕಡಿಮೆಯಲ್ಲ, ಏಕೆಂದರೆ ಲೇತ್ ಮೇಲಿನ ಕೆಲಸ ಎರಡಕ್ಕೂ ಒಂದೇ. ಕತ್ತರಿಸಿದ್ದರ ಎರಡನೇ ಆಯುಸ್ಸು ಮೊದಲಿನದಕ್ಕಿಂತ ಸಾಮಾನ್ಯವಾಗಿ ಗಿಡ್ಡ, ಬಿರುಕುಗಳು ಆ ಒಂದಿಂಚಿಗೆ ನಿಲ್ಲುವುದಿಲ್ಲವಲ್ಲ. ಹಾಗಾಗಿ ದಪ್ಪನೆಯ, ಉದ್ದನೆಯ, ಅಪರೂಪವೆನ್ನುವಷ್ಟು ಚೆನ್ನಾಗಿ ಹೊಡೆಯುವ ಪಂದ್ಯದ ನಳಿಗೆಯಾದರೆ ಒಂದು ಸಲ ಕತ್ತರಿಸಿ ನೋಡುವುದರಲ್ಲಿ ಅರ್ಥವಿದೆ. ಸಾಧಾರಣ ನಳಿಗೆಗೆ ಅದೇ ಕೂಲಿ ಸುರಿಯುವುದು ದುಂದು. ಬ್ಯಾರೆಲ್ ಇರುವುದೇ ಸವೆಯಲು.

ಹಾಗೆಂದು ಎಲ್ಲವನ್ನೂ ಗುಜರಿಗೆ ಎಸೆಯಲಾಗದು. 1861ರಲ್ಲಿ ಹುಟ್ಟಿ 1950ರಲ್ಲಿ ತೀರಿಕೊಂಡ ಹ್ಯಾರಿ ಪೋಪ್, ಜೆರ್ಸಿ ಸಿಟಿಯ ತನ್ನ ಕಾರ್ಯಾಗಾರದಲ್ಲಿ ಕೈಯಾರೆ ಕೊರೆದ ನಳಿಗೆಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. ಹೊರಮೈಯ ಮುದ್ರೆಗೆ ಬೆಲೆಯಿರುವ ಇಂಥ ಹಳೆಯ ರೈಫಲ್ ಕೈಗೆ ಬಂದರೆ ಕಸುಬುದಾರರಿಗೆ ಮೂರನೆಯ ದಾರಿಯೊಂದಿದೆ: ಒಳತೂತನ್ನು ಅಗಲವಾಗಿ ಕೊರೆದು, ಗೀರುಳ್ಳ ತೆಳು ಉಕ್ಕಿನ ಕೊಳವೆಯನ್ನು ಒಳಗೆ ಕೂರಿಸುವುದು. .22ಕ್ಕೂ ಹಳೆಯ ಕಡಿಮೆ ಒತ್ತಡದ ತೋಟಾಗಳಿಗೂ ಇದು ಚೆನ್ನಾಗಿ ಹೊಂದುತ್ತದೆ, ಹೊರಗಿನ ಒಂದು ಅಕ್ಷರವೂ ಅಳಿಯುವುದಿಲ್ಲ.